ಬಲಗಡೆಯ ಎರಡು ಚಕ್ರ

ನನ್ನ ಹೆಸರು ರಂಗಲಕ್ಷ್ಮಮ್ಮ. ಹದಿನೇಳು ತುಂಬುವ ತನಕ ಹೊರಗಿನವರ ಎದುರು ನಾನು ಆಡಿದ ಯಾವ ಮಾತೂ ಈ ಹೆಸರಿನಷ್ಟು ಉದ್ದವಿರಲಿಲ್ಲ. ಯಾರಾದರೂ ಹೆಸರು ಕೇಳಿದರೆ "ರಂಗಿ" ಎಂದು ಹೇಳಿ ಒಳಗೆ ಹೋಗಿಬಿಡುತ್ತಿದ್ದೆ. ಐದನೇ ಕ್ಲಾಸಿನಲ್ಲಿ ಎಲ್ಲರೂ ಎದ್ದು ನಿಂತು ಪಾಠ ಓದಲೇಬೇಕೆಂದು ಮೇಷ್ಟ್ರು ಹೇಳಿದರು. ಅದೇ ತಿಂಗಳು ಅವ್ವನಿಗೆ ಮಂಡಿನೋವು ಜೋರಾಯಿತು. ಮನೆಗೆಲಸಕ್ಕೆ ಜನ ಬೇಕಲ್ಲ ಎಂದು ನಾನು ಸ್ಕೂಲು ಬಿಟ್ಟೆ. ಅವ್ವನ ಮಂಡಿ ಆರು ತಿಂಗಳಿಗೆ ಸರಿಹೋಯಿತು. ನಾನು ಆ ಸಂಗತಿಯನ್ನು ಯಾರಿಗೂ ನೆನಪು ಮಾಡಲಿಲ್ಲ.

ತುಮಕೂರಿನಿಂದ ಕುಣಿಗಲ್ಲಿಗೆ ಹೋಗುವ ರಸ್ತೆಯಲ್ಲಿ, ಮರಳೂರಿನ ಅಂಚಿನಲ್ಲಿ, ನಮ್ಮ ಮನೆಗೆ ಅಂಟಿಕೊಂಡೇ ಅಪ್ಪನ ಷೆಡ್ಡು ಇತ್ತು. ಅಪ್ಪ ಬೆಟ್ಟಸ್ವಾಮಿ ಯುದ್ಧದ ಕಾಲದಲ್ಲಿ ಬೆಂಗಳೂರಿನ ಮಿಲಿಟರಿ ವರ್ಕ್‌ಷಾಪಿನಲ್ಲಿ ಕೆಲಸ ಕಲಿತು ಬಂದವನು. ಲಾರಿ, ಬಸ್ಸು, ಜೀಪು ಎಲ್ಲವನ್ನೂ ರಿಪೇರಿ ಮಾಡುತ್ತಿದ್ದ. ಆದರೆ ಅವನಿಗೆ ಹೆಸರು ಬಂದದ್ದು ಕಡ್ಡಿ ಚಕ್ರದ ಕಾರುಗಳಿಂದ. ಇಂಗ್ಲಿಷ್ ದೊರೆಗಳು ಬಿಟ್ಟುಹೋದ ಕೆಲವು ಹಳೆಯ ಕಾರುಗಳಿಗೆ ಸೈಕಲ್ಲಿಗೆ ಇರುವ ಹಾಗೆ ತಂತಿಯ ಕಡ್ಡಿಗಳಿರುವ ಚಕ್ರ. ಆ ಚಕ್ರವನ್ನು ಕಾರಿಗೆ ಹಿಡಿದಿಡುವುದು ನಟ್ಟನಡುವೆ ಇರುವ ಒಂದೇ ಒಂದು ದೊಡ್ಡ ನಟ್ಟು. ಆ ನಟ್ಟಿಗೆ ಎರಡು ಕಿವಿ. ಬಿಗಿ ಮಾಡುವುದಕ್ಕೆ ಸ್ಪ್ಯಾನರ್ ಬೇಡ, ಕಿವಿಯ ಮೇಲೆ ಸುತ್ತಿಗೆಯಲ್ಲಿ ಹೊಡೆಯಬೇಕು. ಅದೂ ತಾಮ್ರದ ಸುತ್ತಿಗೆ. ಕಬ್ಬಿಣದ್ದಾದರೆ ಕಿವಿ ಜಜ್ಜಿಹೋಗುತ್ತದೆ.

ನಮ್ಮ ಅಡುಗೆಮನೆಯ ಕಿಟಕಿ ಷೆಡ್ಡಿನ ಕಡೆಗೆ ಇತ್ತು. ಸೊಪ್ಪು ಬಿಡಿಸುತ್ತಲೋ ಅವರೆಕಾಯಿ ಸುಲಿಯುತ್ತಲೋ ಅಲ್ಲಿ ಕೂತು ಏಳು ವರ್ಷ ಅಪ್ಪನ ಕೆಲಸವನ್ನು ನೋಡಿದ್ದೆ. ಅಪ್ಪ ಜಾಕಿ ಹಾಕಿ ಚಕ್ರ ಎತ್ತುತ್ತಿದ್ದ. ಚಕ್ರ ಬಿಚ್ಚಿ, ಅದು ಕೂರುವ ಜಾಗದ ಹಲ್ಲುಗಳನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಕಣ್ಣಿಗೆ ಕಾಡಿಗೆ ಇಟ್ಟಂತೆ ತೆಳ್ಳಗೆ ಗ್ರೀಸು ಸವರುತ್ತಿದ್ದ. ಒಂದೊಂದೇ ಕಡ್ಡಿಯನ್ನು ಮೆಲ್ಲಗೆ ಬಡಿದು ಕಿವಿಗೊಟ್ಟು ಕೇಳುತ್ತಿದ್ದ. ಆಮೇಲೆ ಚಕ್ರ ತೂರಿಸಿ, ನಟ್ಟನ್ನು ಕೈಯಲ್ಲಿ ತಿರುಗಿಸಿ, ಚಕ್ರ ಇನ್ನೂ ಗಾಳಿಯಲ್ಲಿರುವಾಗಲೇ ಸುತ್ತಿಗೆಯಲ್ಲಿ ಹೊಡೆಯುತ್ತಿದ್ದ. ಅಷ್ಟಕ್ಕೆ ಮುಗಿಯುತ್ತಿರಲಿಲ್ಲ. ಕಾರನ್ನು ಗೂಳೂರಿನ ತನಕ ಓಡಿಸಿಕೊಂಡು ಬಂದು, ಮತ್ತೆ ಜಾಕಿ ಹಾಕಿ, ಪ್ರತಿ ನಟ್ಟಿಗೂ ಮೂರು ಮೂರು ಏಟು. ಅದಕ್ಕೆ ಅವನು "ಕೊನೆ ಏಟು" ಅನ್ನುತ್ತಿದ್ದ. ನಟ್ಟು ಬಿಗಿಯಾಗಿದ್ದರೆ ಟಣ್ ಎಂದು ಗಂಟೆಯ ಸದ್ದು ಬರುತ್ತಿತ್ತು.

ಈ ಕೆಲಸ ನನಗೆ ಪೂರ್ತಿ ಗೊತ್ತು ಎಂದು ನಾನು ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡಿದ್ದೆ. ಯಾರಿಗೂ ಹೇಳಿರಲಿಲ್ಲವಾದ್ದರಿಂದ ಯಾರೂ ಅಲ್ಲ ಅನ್ನಲೂ ಇಲ್ಲ. ಕಾರುಗಳು ರಸ್ತೆಯಿಂದ ಮೂತಿ ಒಳಗೆ ಮಾಡಿಕೊಂಡು ಬಂದು ನಿಲ್ಲುತ್ತಿದ್ದವು. ಹಾಗೆ ನಿಂತಾಗ ಎಡಭಾಗ ನನ್ನ ಕಿಟಕಿಗೆ, ಬಲಭಾಗ ಆಚೆಯ ಗೋಡೆಗೆ. ಆ ಗೋಡೆಯ ಪಕ್ಕ ಒಂದು ಕಲ್ಲುಬೆಂಚು. ಅದರ ಮೇಲೆ ಯಾವಾಗಲೂ ಬೀಡಿ ಸೇದುತ್ತ ನಾಲ್ಕು ಜನ ಡ್ರೈವರುಗಳು. ನಾನು ಆ ಕಡೆ ಕಾಲಿಟ್ಟವಳೇ ಅಲ್ಲ.

ಐವತ್ತೆಂಟನೇ ಇಸವಿಯ ಫೆಬ್ರವರಿಯಲ್ಲಿ ಒಂದು ಗುರುವಾರ ಕುಣಿಗಲ್ಲಿನ ಲಾಯರು ಯೋಗನರಸಿಂಹ ತಮ್ಮ ಕಾರು ತಂದರು. ಕೆಂಪು ಬಣ್ಣದ, ಎರಡೇ ಸೀಟಿನ ಕಾರು. ತನ್ನ ದೇಶಕ್ಕೆ ಹೊರಟ ಕಾಫಿ ತೋಟದ ದೊರೆಯೊಬ್ಬನಿಂದ ಕೊಂಡದ್ದಂತೆ. ಚಕ್ರದ ಕಡ್ಡಿಗಳು ಸಡಿಲವಾಗಿ ಕಾರು ದಾರಿಯುದ್ದಕ್ಕೂ ಗೊಣಗುತ್ತ ಬಂದಿತ್ತು. ಪಕ್ಕದ ಸೀಟಿನಲ್ಲಿ ಅವರ ತಾಯಿ ಅಲಮೇಲಮ್ಮ, ಸೆರಗನ್ನು ತಲೆಗೆ ಬಿಗಿದು ಕಟ್ಟಿಕೊಂಡು, ಅದಕ್ಕಿಂತ ಜೋರಾಗಿ ಗೊಣಗುತ್ತಿದ್ದರು.

"ನೋಡಪ್ಪ ಬೆಟ್ಟಸ್ವಾಮಿ, ನಾಳೆ ಗುಬ್ಬೀಲಿ ಇವನಿಗೆ ಹೆಣ್ಣು ನೋಡಕ್ಕೆ ಹೋಗ್ಬೇಕು. ಬಸ್ಸಲ್ಲಿ ಹೋಗೋಣ ಕಣೋ ಅಂದ್ರೆ ಕೇಳಲ್ಲ. ತಲೆ ಮೇಲೆ ಮುಚ್ಚಳ ಇಲ್ಲದ ಗಾಡೀಲಿ ನನ್ನನ್ನ ಮೆರವಣಿಗೆ ಮಾಡಿಸ್ತಾನೆ."

"ಮುಚ್ಚಳ ಇದೆ ಅಮ್ಮ, ಮಡಚಿಟ್ಟಿದೀನಿ," ಅಂದರು ಲಾಯರು.

"ಯಾವ ಮುಹೂರ್ತಕ್ಕೆ ಬಿಚ್ಚೋದು?"

ಅಪ್ಪ ನಗಲಿಲ್ಲ. ಕೆಲಸದ ಕಾರು ಎದುರಿಗಿದ್ದಾಗ ಅವನು ನಗುತ್ತಿರಲಿಲ್ಲ. "ನಾಳೆ ಹನ್ನೊಂದು ಗಂಟೆಗೆ ಬನ್ನಿ ಸ್ವಾಮಿ. ಬೆಳಿಗ್ಗೆ ಕೊನೆ ಏಟು ಹಾಕ್ಬೇಕು. ಅದಾಗ್ದೆ ಗಾಡಿ ಕೊಡಾಕಿಲ್ಲ," ಅಂದ. ತಾಯಿ ಮಗ ಜಟಕಾ ಹತ್ತಿ ತುಮಕೂರಿನ ಚಿಕ್ಕಪೇಟೆಯ ನೆಂಟರ ಮನೆಗೆ ಹೋದರು. ಅಪ್ಪ ಸಂಜೆಯೊಳಗೆ ಕಡ್ಡಿಗಳನ್ನು ಬಿಗಿದು, ನಾಲ್ಕೂ ಚಕ್ರ ಹಾಕಿ, ಗೂಳೂರಿಗೆ ಹೋಗಿ ಬಂದು ಕಾರು ನಿಲ್ಲಿಸಿದ. ಕೊನೆ ಏಟು ಮಾತ್ರ ಬಾಕಿ.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ, ಗೂಳೂರಿನಲ್ಲಿ ಬಸ್ಸು ಕೆಟ್ಟು ನಿಂತಿದೆ ಎಂದು ಆಳು ಬಂದ. ಅಪ್ಪ ಸೈಕಲ್ಲು ಹತ್ತಿದ. "ಹತ್ತೂವರೆಗೆಲ್ಲಾ ಬಂದ್ಬುಡ್ತೀನಿ. ಯಾರೂ ಕಾರು ಮುಟ್ಬ್ಯಾಡಿ," ಎಂದು ಅವ್ವನಿಗೆ ಹೇಳಿದ. 'ಯಾರೂ' ಅನ್ನುವ ಲೆಕ್ಕಕ್ಕೆ ನನ್ನನ್ನು ಯಾರೂ ಸೇರಿಸುತ್ತಿರಲಿಲ್ಲ, ನಾನೂ ಸೇರಿಸಿಕೊಳ್ಳಲಿಲ್ಲ.

ಒಂಬತ್ತು ಗಂಟೆಗೆ ಅವ್ವ ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿದ್ದಳು. ಷೆಡ್ಡಿನಲ್ಲಿ ಒಬ್ಬರೂ ಇರಲಿಲ್ಲ. ಬೆಂಚು ಖಾಲಿ. ಅಪ್ಪ ಬಂದಾಗ "ಕೊನೆ ಏಟು ಆಯ್ತು ಕಣಪ್ಪ" ಎಂದು ಹೇಳುವ ನನ್ನನ್ನು ನಾನೇ ಕಿಟಕಿಯಲ್ಲಿ ಕೂತು ಕಲ್ಪಿಸಿಕೊಂಡೆ. ಆ ಕಲ್ಪನೆಯಲ್ಲಿ ಅಪ್ಪ ಬಹಳ ಹೊತ್ತು ಸುಮ್ಮನೆ ನನ್ನನ್ನೇ ನೋಡುತ್ತಿದ್ದ, ಆಮೇಲೆ ಇಡೀ ಮರಳೂರಿಗೆ ಹೇಳುತ್ತಿದ್ದ. ನಾನು ಸೊಪ್ಪಿನ ಮೊರ ಕೆಳಗಿಟ್ಟು ಸೆರಗು ಸಿಕ್ಕಿಸಿಕೊಂಡು ಎದ್ದೆ.

ಎಡಗಡೆ ಜಾಕಿ ಹಾಕಿದೆ. ಅಪ್ಪನ ಹಾಗೇ ಕಾಲು ಅಗಲಿಸಿ ನಿಂತು, ಮೇಲಿನ ಕಿವಿಯ ಮೇಲೆ ಬಲಕ್ಕೆ ಮೂರು ಏಟು ಹಾಕಿದೆ. ಟಣ್, ಟಣ್, ಟಣ್. ನಟ್ಟು ಅಲ್ಲಾಡಲಿಲ್ಲ. ಹಿಂದಿನದೂ ಹಾಗೇ. ಆಮೇಲೆ ಮೊದಲ ಬಾರಿಗೆ ಕಾರನ್ನು ಸುತ್ತು ಹಾಕಿ ಬಲಗಡೆಗೆ ಹೋದೆ. ಆ ಕಡೆ ನಟ್ಟಿನ ಮೇಲೆ ಏನೋ ಅಕ್ಷರ, ಬಾಣದ ಗುರುತು ಇದ್ದಿರಬೇಕು. ಹಿಂದಿನ ಯಾರೋ ಕಬ್ಬಿಣದ ಸುತ್ತಿಗೆಯಲ್ಲಿ ಬಡಿದು ಅಳಿಸಿಹಾಕಿದ್ದರು. ನನಗೇನೂ ಗುರುತು ಬೇಕಿರಲಿಲ್ಲ. ಏಳು ವರ್ಷದ ವಿದ್ಯೆ ಇತ್ತು. ಬಲಕ್ಕೆ ಮೂರು ಏಟು ಹಾಕಿದೆ.

ಈ ನಟ್ಟು ತಿರುಗಿತು. ಮೊದಲ ಏಟಿಗೆ ಒಂದಿಷ್ಟು, ಎರಡನೆಯದಕ್ಕೆ ಇನ್ನೊಂದಿಷ್ಟು, ಮೂರನೆಯದಕ್ಕೆ ಸಲೀಸಾಗಿ. ಹಿಂದಿನದೂ ಅರ್ಧ ಸುತ್ತು ಬಂತು. ಅಪ್ಪನಿಗೆ ವಯಸ್ಸಾಯಿತು ಎಂದು ನನಗೆ ಮರುಕವಾಯಿತು. ಎಡಗಡೆ ಬಿಗಿ ಮಾಡುವಷ್ಟರಲ್ಲಿ ತೋಳು ಸೋತು, ಬಲಗಡೆ ಇಷ್ಟು ಸಡಿಲ ಬಿಟ್ಟಿದ್ದಾನೆ, ಸದ್ಯ ನಾನಿದ್ದೆ. ಸದ್ದು ಕೊನೆಯಲ್ಲಿ ಟಣ್ ಎನ್ನದೆ ಟಪ್ ಎಂದಿತು. ಅದಕ್ಕೂ ನನ್ನಲ್ಲಿ ಉತ್ತರವಿತ್ತು. ಆ ಕಡೆ ಗೋಡೆಯ ನೆರಳು, ರಾತ್ರಿಯ ಥಂಡಿ ಹಿಡಿದಿರಬೇಕು ಅಂದುಕೊಂಡೆ.

ಹತ್ತಕ್ಕೆ ಕಾಲು ಗಂಟೆ ಇರುವಾಗ ಜಟಕಾ ಬಂದು ನಿಂತಿತು. ಅಲಮೇಲಮ್ಮನವರು ನೆಂಟರ ಮನೆಯ ಗೋಡೆಯ ಕ್ಯಾಲೆಂಡರು ನೋಡಿದ್ದರು. ಶುಕ್ರವಾರ ಹತ್ತೂವರೆಗೆ ರಾಹುಕಾಲ. ಒಳ್ಳೆಯ ಕೆಲಸಕ್ಕೆ ಅದರೊಳಗೆ ಹೊರಡಬೇಕು. ಅವ್ವ ಒದ್ದೆ ಕೈ ಒರೆಸಿಕೊಂಡು ಓಡಿಬಂದು ಎಳನೀರು ಕೊಚ್ಚಿಕೊಟ್ಟಳು.

"ಬೆಟ್ಟಸ್ವಾಮಿ ಇಲ್ವೇ? ಏನೋ ಕೊನೆ ಏಟು ಅಂದಿದ್ರಲ್ಲ," ಎಂದರು ಲಾಯರು.

ಅವ್ವ ಬಾಗಿಲ ಸಂದಿಯಲ್ಲಿದ್ದ ನನ್ನ ಕಡೆ ತಿರುಗಿದಳು. "ನಿಮ್ಮಪ್ಪ ಏನಾದ್ರೂ ಹೇಳಿದ್ನೇನೇ? ಅದೇನೋ ಏಟು, ಆಗೈತಾ?"

"ಆಗೈತೆ," ಅಂದೆ.

ಒಂದೇ ಪದ. ಹೊರಗಿನವರ ಕಿವಿಗೆ ಬೀಳುವ ಹಾಗೆ ಆ ವರ್ಷ ನಾನು ಆಡಿದ ಮೊದಲ ಪದ ಅದೇ ಇರಬೇಕು. ಅವ್ವ ಅದನ್ನು "ಆಗೈತಂತೆ ಬುದ್ಧಿ, ನಮ್ಮನೆಯವ್ರು ಮಾಡೇ ಹೋಗವ್ರೆ" ಎಂದು ಉದ್ದ ಮಾಡಿ ಆಚೆಗೆ ಸಾಗಿಸಿದಳು. ನಾನು ತಿದ್ದಲಿಲ್ಲ. ತಾಯಿ ಮಗ ಹತ್ತು ಗಂಟೆಗೆ ಸರಿಯಾಗಿ ಹೊರಟರು. ಕಾರು ಷೆಡ್ಡಿನಿಂದ ಹಿಂದಕ್ಕೆ ಬಂದು ತಿರುಗಿ ತುಮಕೂರಿನ ಕಡೆಗೆ ಹೋಯಿತು. ಅಲಮೇಲಮ್ಮನವರು ಕಣ್ಣು ಮುಚ್ಚಿಕೊಂಡು ತುಟಿ ಅಲ್ಲಾಡಿಸುತ್ತಿದ್ದರು.

ಹತ್ತೂ ಇಪ್ಪತ್ತಕ್ಕೆ ಅಪ್ಪ ಬಂದ. ಕೊಬ್ಬರಿ ತುಂಬುವುದಕ್ಕೆ ಗುಬ್ಬಿಯ ಮಂಡಿಗೆ ಹೊರಟಿದ್ದ ಕುಣಿಗಲ್ಲಿನ ಲಾರಿಯಲ್ಲಿ ಸೈಕಲ್ಲು ಹಾಕಿಕೊಂಡು ಬಂದಿದ್ದ. ಲಾರಿಯ ಡ್ರೈವರು ಚೌಡಪ್ಪ, ಕಲ್ಲುಬೆಂಚಿನ ಹಳೆಯ ಗಿರಾಕಿ. ಷೆಡ್ಡು ಖಾಲಿ ಇದ್ದದ್ದನ್ನು ಕಂಡು ಅಪ್ಪನ ಮುಖ ಸಣ್ಣದಾಯಿತು.

"ಹೊಂಟೋದ್ರಾ? ಕೊನೆ ಏಟು ಹಾಕಿರ್ನಿಲ್ವಲ್ಲೇ."

ನನ್ನ ಗಳಿಗೆ ಬಂದಿತ್ತು. ಚೌಡಪ್ಪ ಎದುರಿಗಿದ್ದರೂ ಹೊಸ್ತಿಲು ದಾಟಿ ಬಂದೆ. "ನಾ ಹಾಕ್ದೆ ಕಣಪ್ಪ."

ಅಪ್ಪ ಬಹಳ ಹೊತ್ತು ಸುಮ್ಮನೆ ನನ್ನನ್ನೇ ನೋಡಿದ. ಅಲ್ಲಿಯ ತನಕ ಎಲ್ಲವೂ ನಾನು ಅಂದುಕೊಂಡಂತೆಯೇ ನಡೆಯಿತು.

"ಜಾಕಿ ಹಾಕಿ?"

"ಹೂಂ. ಜಾಕಿ ಹಾಕೇ. ಮೂರು ಮೂರು ಏಟು."

"ನಾಲ್ಕಕ್ಕೂ?"

"ನಾಲ್ಕಕ್ಕೂ. ಎಡಗಡೇವು ಅಲ್ಲಾಡ್ನಿಲ್ಲ. ಬಲಗಡೇವು ಎರಡೂ ಸಡಿಲ ಇದ್ವು, ಅರ್ಧ ಅರ್ಧ ಸುತ್ತು ಹಿಡಿದ್ವು."

ಅಪ್ಪನ ಕೈಯಲ್ಲಿದ್ದ ಸೈಕಲ್ಲು ಗೋಡೆಗೆ ಒರಗುವ ಬದಲು ನೆಲಕ್ಕೆ ಬಿತ್ತು. "ಯಾವ್ ಕಡಿಗೆ ಹೊಡ್ದೆ?"

ನಾನು ಗಾಳಿಯಲ್ಲಿ ಕೈ ಬೀಸಿ ತೋರಿಸಿದೆ. ಬಲಕ್ಕೆ.

"ಎರಡೂ ಮಗ್ಗುಲಿಗೂ ಹಂಗೇಯಾ?"

"ಇನ್ನೆಂಗೆ?"

ಅಪ್ಪ ಬೈಯಲಿಲ್ಲ. ನೆಲದ ಮೇಲೆ ಕೂತು, ಧೂಳಿನಲ್ಲಿ ಬೆರಳಿನಿಂದ ಕಾರಿನ ಹಾಗೆ ಒಂದು ಚೌಕ ಬರೆದ. "ಕಾರು ಮುಂದಕ್ಕೆ ಓಡ್ತದೆ. ಏಟು ಹಿಂದಕ್ಕೆ ಬೀಳ್ಬೇಕು, ಕಾರಿನ ಬಾಲದ ಕಡಿಗೆ. ಈ ಮಗ್ಗುಲಲ್ಲಿ ನಿಂತ್ರೆ ಬಾಲ ಬಲಕ್ಕೆ. ಆ ಮಗ್ಗುಲಲ್ಲಿ ನಿಂತ್ರೆ ಬಾಲ ಎಲ್ಲೈತೆ?"

ನಾನು ಚೌಕದ ಆಚೆಗೆ ಹೋಗಿ ನಿಂತೆ. ಬಾಲ ಎಡಕ್ಕೆ ಇತ್ತು. ಏಳು ವರ್ಷವೂ ಅದು ಎಡಕ್ಕೇ ಇದ್ದಿರಬೇಕು.

"ಆ ಎರಡು ನಟ್ಟಿನ ಮರೆ ಬೇರೆ ಕಣವ್ವ, ಒಳಗಿನ ಸುತ್ತೇ ಉಲ್ಟಾ. ಎಡಕ್ಕೆ ಬಿಗಿ, ಬಲಕ್ಕೆ ಸಡಿಲ. ನೀನು ಬಿಚ್ಚಿ ಕಳ್ಸಿದ್ದೀಯ."

ನನಗೆ ಮೊದಲು ಅರ್ಥವಾದದ್ದು ಚಕ್ರವಲ್ಲ, ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದ ಆ ಮುದುಕಿಯ ಮುಖ. ಆಮೇಲೆ ಚಕ್ರ ಅರ್ಥವಾಯಿತು. ಅಲ್ಲೇ ಆ ಚೌಕದ ಮೇಲೆ ಕೂತುಬಿಟ್ಟೆ.

"ಈಗ ಬೀಳ್ತದಾ?" ಎಂದ ಚೌಡಪ್ಪ.

"ಯೋಳಾಕಾಗಲ್ಲ. ಬೀಳ್ದೇನೂ ಇರ್ಬೋದು. ಬ್ರೇಕ್ ಹಾಕ್ದಾಗೆಲ್ಲ ಇನ್ನೊಂದಿಷ್ಟು ಸಡಿಲ ಆಯ್ತದೆ. ಮುಂದಿನ ಚಕ್ರ ಏನಾದ್ರೂ ಕಿತ್ಕಂಡ್ರೆ..." ಅಪ್ಪ ಮಾತು ಮುಗಿಸದೆ ಸುತ್ತಿಗೆ, ಜಾಕಿ, ಗ್ರೀಸಿನ ಡಬ್ಬಿ ತೆಗೆದುಕೊಂಡು ಲಾರಿಯ ಕಡೆ ನಡೆದ. "ಹತ್ತು."

"ನಾನಾ?"

"ಹೊಡ್ದೋಳು ನೀನು. ಎಷ್ಟು ತಿರುಗೈತೆ ಅಂತ ಯೋಳೋರು ಬ್ಯಾಡ್ವಾ?"

ಅಷ್ಟರಲ್ಲಿ ಅವ್ವ ಅಡ್ಡ ಬಂದಳು. ಹತ್ತೂವರೆ ಆಗಿತ್ತು. "ರಾಹುಕಾಲ ಹಿಡ್ಕಂತು. ಇಂಥ ಹೊತ್ನಲ್ಲಿ ಹೊಂಟು, ಇರೋ ಕೇಡು ಸಾಲ್ದು ಅಂತಾನಾ?"

"ಪುಟ್ಟತಾಯಕ್ಕ," ಎಂದ ಚೌಡಪ್ಪ, ಸೀಟಿನಲ್ಲಿ ಕೂತೇ, "ನನ್ ಲಾರಿ ಕುಣಿಗಲ್ ಬಿಟ್ಟಿದ್ದು ಏಳೂವರೆಗೆ. ಹೊಂಟಿದ್ದು ರಾಹುಕಾಲಕ್ಕೆ ಮುಂಚೇನೇ. ಇವ್ರು ಮಧ್ಯದಲ್ಲಿ ಹತ್ಕಂತಾವ್ರೆ ಅಷ್ಟೆ."

ಅವ್ವ ಒಂದು ಗಳಿಗೆ ಯೋಚಿಸಿದಳು. ಆ ಲೆಕ್ಕ ಅವಳಿಗೆ ಒಪ್ಪಿಗೆಯಾಯಿತು. ದಾರಿ ಬಿಟ್ಟಳು.

ಲಾರಿಯ ಮುಂದಿನ ಸೀಟಿನಲ್ಲಿ ನಾನು ಕೂತದ್ದು ಅದೇ ಮೊದಲು. ಬೇರೆ ದಿನವಾಗಿದ್ದರೆ ಅಷ್ಟು ಜನರ ಕಣ್ಣಿಗೆ ಬೀಳುವೆನೆಂದು ಸತ್ತೇಹೋಗುತ್ತಿದ್ದೆ. ಆವತ್ತು ತಲೆ ಆಚೆ ಹಾಕಿ ರಸ್ತೆಯನ್ನೇ ನೋಡುತ್ತಿದ್ದೆ. ತುಮಕೂರಿನ ಮಾರ್ಕೆಟ್ಟಿನ ಹತ್ತಿರ ಚೌಡಪ್ಪ ಲಾರಿ ನಿಲ್ಲಿಸಿ ಹೂವಿನವಳನ್ನು ಕೇಳಿದ. ಕೆಂಪು ಕಾರಿನ ಅಮ್ಮನವರು ಹೂವು, ಬಾಳೆಹಣ್ಣು ಕೊಂಡು, ಹೂವು ಬಾಡಿದೆ ಎಂದು ಜಗಳವಾಡಿ, ಈಗ ತಾನೇ ಹೋದರು ಅಂದಳು. ಆ ಜಗಳ ಇನ್ನಷ್ಟು ಹೊತ್ತು ನಡೆಯಬಾರದಿತ್ತೇ ಅನ್ನಿಸಿತು.

ಊರು ದಾಟಿದ ಮೇಲೆ ಚೌಡಪ್ಪ ಜೋರು ಮಾಡಿದ. ಮುಂದೆ ಹೋಗುತ್ತಿದ್ದ ಎತ್ತಿನ ಗಾಡಿಗಳು ಒಂದೊಂದಾಗಿ ಹಿಂದಾದವು. ಪ್ರತಿ ತಿರುವಿನಲ್ಲೂ ಆಚೆಗೆ ಏನು ಕಾಣುವುದೋ ಎಂದು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ತಿರುವು ಮುಗಿದ ಮೇಲೆ, ಮುಚ್ಚಿಕೊಂಡು ಏನು ಪ್ರಯೋಜನ ಎಂದು ಬಿಡುತ್ತಿದ್ದೆ. ಕೋರ್ಟು ನೆನಪಾಯಿತು. ಮೇಲೆ ಜಡ್ಜಿ, ಕಟಕಟೆಯಲ್ಲಿ ನಾನು, ಕೈಗೆ ಬ್ಯಾಂಡೇಜು ಕಟ್ಟಿದ ಲಾಯರು ತಾವೇ ನನ್ನ ಮೇಲೆ ವಾದ ಮಾಡುತ್ತಿದ್ದಾರೆ. ಜಡ್ಜಿ ನಿನ್ನ ಹೆಸರೇನು ಎಂದು ಕೇಳುತ್ತಾರೆ. ಆ ಭಯದ ನಡುವೆಯೂ ನಾನು ಯೋಚಿಸಿದ್ದು, ಪೂರ್ತಿ ಹೆಸರು ಹೇಳಬೇಕೋ ರಂಗಿ ಅಂದರೆ ಸಾಕೋ ಎಂದು.

"ಏನವ್ವ, ಸುಮ್ನೆ ಕೂತ್ಬುಟ್ಟೆ?" ಎಂದ ಚೌಡಪ್ಪ.

"ಅವ್ಳು ಯಾವಾಗ್ಲೂ ಸುಮ್ನೇ," ಎಂದ ಅಪ್ಪ. "ಇವತ್ತೊಂದಿನ ಮಾತಾಡಿದ್ಲು."

ಹೆಗ್ಗೆರೆ ದಾಟಿತು. ಮಲ್ಲಸಂದ್ರ ದಾಟಿ ಒಂದು ಮೈಲಿ ಹೋಗಿರಬೇಕು, ಸಾಲು ಹುಣಸೆಮರಗಳ ಕೆಳಗೆ ಕೆಂಪು ಬಣ್ಣ ಕಂಡಿತು. ಕಾರು ನೆಟ್ಟಗೇ ನಿಂತಿತ್ತು. ನಾಲ್ಕು ಚಕ್ರ. ನಾನು ಎರಡು ಸಲ ಎಣಿಸಿದೆ. ಅಲಮೇಲಮ್ಮನವರು ಮರದ ಬೇರಿನ ಮೇಲೆ ಹೂವಿನ ಬುಟ್ಟಿ ತೊಡೆಯಲ್ಲಿಟ್ಟುಕೊಂಡು ಕೂತಿದ್ದರು. ಲಾಯರು ಹೊಸ ಪಂಚೆಯನ್ನು ಎತ್ತಿ ಕಟ್ಟಿ, ಬಲಗಡೆಯ ಮುಂದಿನ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತು, ಕೈಯಲ್ಲೊಂದು ದಪ್ಪ ಕಲ್ಲು ಹಿಡಿದು ನಟ್ಟಿಗೆ ಹೊಡೆಯುತ್ತಿದ್ದರು. ಬಲಕ್ಕೆ.

"ಸ್ವಾಮಿ, ಹೊಡೀಬೇಡಿ," ಎಂದು ಅಪ್ಪ ಲಾರಿ ನಿಲ್ಲುವ ಮುಂಚೆಯೇ ಇಳಿದು ಓಡಿದ.

ಲಾಯರು ತಲೆಯೆತ್ತಿದರು. "ಒಳ್ಳೇ ಹೊತ್ತಿಗೆ ಬಂದ್ರಿ. ಇದೇನು ಬೆಟ್ಟಸ್ವಾಮಿ, ಬಿಗಿ ಮಾಡಿದಷ್ಟೂ ಸಡಿಲ ಆಗ್ತಿದೆ."

ಅಪ್ಪ ನಟ್ಟಿಗೆ ಎರಡು ಬೆರಳು ತಾಗಿಸಿದ. ಅದು ಮಜ್ಜಿಗೆಯ ಮಂತು ತಿರುಗಿದಷ್ಟು ಸುಲಭವಾಗಿ ತಿರುಗಿತು. ಕಳಚಿ ಬೀಳುವುದಕ್ಕೆ ಇನ್ನೊಂದು ಸುತ್ತು ಮಾತ್ರ ಬಾಕಿಯಿತ್ತು.

"ಬ್ರೇಕ್ ಹಾಕಿದಾಗೆಲ್ಲ ಕಟಕ್ ಅಂತಿತ್ತು," ಎಂದರು ಅಲಮೇಲಮ್ಮ. "ನಿಲ್ಲಿಸೋ ಅಂದ್ರೆ, ಇಂಗ್ಲೀಷ್ ಕಾರು ಹಾಗೇ ಮಾತಾಡತ್ತೆ ಅಂದ. ಮಾತಾಡೋ ಹಾಗಿದ್ರೆ ನಾನು ಕೆಳಗೆ ಕೂತು ಕೇಳ್ತೀನಿ ಅಂತ ಇಳಿದುಬಿಟ್ಟೆ."

ಅಪ್ಪ ಎದ್ದು ಕೈ ಜೋಡಿಸಿದ. "ನಂದೇ ತಪ್ಪು ಅಮ್ನೋರೆ. ಕೊನೆ ಏಟು ಹಾಕ್ದೆ ಹೊಂಟೋದೆ. ಗಾಡಿ ಷೆಡ್ನಲ್ಲಿ ಬಿಟ್ಟು ಹೋಗ್ಬಾರ್ದಿತ್ತು."

ಅವನು ಹಾಗೇ ಹೇಳಿ ಮುಗಿಸುವುದರಲ್ಲಿದ್ದ. ನಾನು ಲಾರಿಯ ಮೆಟ್ಟಿಲ ಮೇಲೆ ಒಂದು ಕಾಲು, ನೆಲದ ಮೇಲೆ ಒಂದು ಕಾಲು ಇಟ್ಟುಕೊಂಡು ನಿಂತಿದ್ದೆ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಅದು ನನಗೆ ಚೆನ್ನಾಗಿ ಬರುತ್ತಿದ್ದ ಒಂದೇ ಕೆಲಸ. ಆದರೆ ಅಪ್ಪ ಎರಡು ಕೈ ಜೋಡಿಸಿದ್ದನ್ನು ಕಂಡು ಇನ್ನೊಂದು ಕಾಲನ್ನೂ ನೆಲಕ್ಕಿಟ್ಟೆ.

"ನಾನು ಹೊಡ್ದಿದ್ದು," ಅಂದೆ.

ದನಿ ಎಷ್ಟು ಜೋರಾಗಿ ಬಂತೆಂದರೆ ಹೊಲದಲ್ಲಿದ್ದ ಒಬ್ಬ ಮುದುಕ ತಿರುಗಿ ನೋಡಿದ. ಒಮ್ಮೆ ಶುರುವಾದದ್ದು ನಿಲ್ಲಲಿಲ್ಲ. ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟದ್ದು ಹೇಳಿದೆ, ಕಿಟಕಿ ಹೇಳಿದೆ, ಬೆಂಚು ಹೇಳಿದೆ, ಮೂರು ಏಟು ಹೇಳಿದೆ, ಅಪ್ಪನಿಗೆ ವಯಸ್ಸಾಯಿತು ಅಂದುಕೊಂಡದ್ದನ್ನು ಅಪ್ಪನ ಎದುರಿಗೇ ಹೇಳಿದೆ, ಟಪ್ ಎಂಬ ಸದ್ದಿಗೆ ಥಂಡಿ ಕಾರಣ ಎಂದು ಭಾವಿಸಿದ್ದನ್ನೂ ಬಿಡಲಿಲ್ಲ. "ಆಗೈತೆ ಅಂದೋಳೂ ನಾನೇ. ಅವ್ವಂಗೆ ಗೊತ್ತಿರ್ನಿಲ್ಲ, ಅಪ್ಪ ಊರಲ್ಲೇ ಇರ್ನಿಲ್ಲ," ಎಂದು ಮುಗಿಸಿ, ಉಸಿರಿಲ್ಲದೆ ನಿಂತೆ.

ಲಾಯರು ಕೈಯಲ್ಲಿದ್ದ ಕಲ್ಲನ್ನು ಮೆಲ್ಲಗೆ ಹಿಂದೆ ಸರಿಸಿದರು.

"ಅಂದ್ರೆ, ಎಡಗಡೆ ಚಕ್ರ ಸರಿಯಾಗಿವೆ ಅನ್ನು," ಎಂದರು ಅಲಮೇಲಮ್ಮ.

"ಹೂಂ ಅಮ್ನೋರೆ."

"ನಾನು ಕೂತಿದ್ದು ಎಡಗಡೆ." ಅವರು ಮಗನ ಕಡೆ ತಿರುಗಿದರು. "ನೋಡಿದ್ಯಾ, ನನಗೆ ಏನೂ ಆಗ್ತಿರಲಿಲ್ಲ. ನೀನೊಬ್ಬನೇ ಹೋಗ್ತಿದ್ದೆ."

"ಅಮ್ಮಾ, ಕಾರು ಒಂದೇ ಅಲ್ವಾ?"

"ಇವಳು ಐದನೇ ಕ್ಲಾಸು, ಬಲಕ್ಕೆ ಹೊಡೆದಳು. ನೀನು ಬಿ.ಎ., ಬಿ.ಎಲ್., ನೀನೂ ಬಲಕ್ಕೇ ಹೊಡೀತಿದ್ದೆ. ನಿನ್ನ ಓದಿಗೆ ಸುರಿದಿದ್ದು ಯಾಕೆ ಅಂತ ಯೋಚನೆ ಮಾಡ್ತಿದೀನಿ."

ಚೌಡಪ್ಪ ಆಚೆ ತಿರುಗಿ ಕೆಮ್ಮಿದ. ನನಗೆ ನಗು ಬರಲಿಲ್ಲ. ಅವರು ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಅಪ್ಪ ಜಾಕಿ ಹಾಕಿ ಚಕ್ರ ಬಿಚ್ಚಿದ. ಒಳಗಿನ ಹಲ್ಲುಗಳನ್ನು ಒಂದೊಂದಾಗಿ ಬೆರಳಲ್ಲಿ ಮುಟ್ಟಿ ನೋಡಿದ. ಸವೆದಿರಲಿಲ್ಲ. ಗ್ರೀಸಿಗೆ ಅಂಟಿದ್ದ ಧೂಳು ಒರೆಸಿ, ಹೊಸದಾಗಿ ಸವರಿ, ಚಕ್ರ ತೂರಿಸಿ, ನಟ್ಟನ್ನು ಎಡಕ್ಕೆ ಕೈಯಲ್ಲಿ ತಿರುಗಿಸುತ್ತ ಹೋದ. ಇನ್ನು ಕೈಯಲ್ಲಿ ಆಗುವುದಿಲ್ಲ ಎನ್ನುವಾಗ ಸುತ್ತಿಗೆಯನ್ನು ತೆಗೆದು ನನ್ನ ಕಡೆ ಚಾಚಿದ.

"ಹೊಡಿ."

"ಬ್ಯಾಡಪ್ಪ."

"ತಪ್ಪು ಕಲ್ತಿರೋ ಕೈ ಇವತ್ತೇ ತಿರುಗ್ಬೇಕು. ಮನೆಗೋಗಿ ಮಲಗೆದ್ರೆ ನೀನು ಮತ್ತೆ ಸುತ್ತಿಗೆ ಮುಟ್ಟಾಕಿಲ್ಲ. ನಂಗೊತ್ತು ನಿನ್ ಬುದ್ಧಿ."

"ಬೆಟ್ಟಸ್ವಾಮಿ, ಮತ್ತೆ ಅವಳ ಕೈಲೇನಾ?" ಎಂದರು ಲಾಯರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಾನೇ ಅವರ ಜಾಗದಲ್ಲಿದ್ದರೆ ಬಸ್ಸು ಹಿಡಿಯುತ್ತಿದ್ದೆ.

"ನಾನು ಪಕ್ಕದಲ್ಲೇ ಇದೀನಿ ಸ್ವಾಮಿ," ಎಂದ ಅಪ್ಪ.

ನಾನು ಸುತ್ತಿಗೆ ಹಿಡಿದೆ. ಅಷ್ಟು ಹೊತ್ತಿಗೆ ದಾರಿಹೋಕರು ಏಳೆಂಟು ಜನ ಸೇರಿದ್ದರು. ಹೊಲದ ಮುದುಕನೂ ಬಂದಿದ್ದ. ಕಾರಿನ ಬಾಲ ಯಾವ ಕಡೆ ಇದೆ ಎಂದು ತಿರುಗಿ ನೋಡಿದೆ. ಸಾಲದೆಂದು ಮತ್ತೊಮ್ಮೆ ನೋಡಿದೆ. ಕೈ ತನ್ನಷ್ಟಕ್ಕೆ ಬಲಕ್ಕೇ ಎಳೆಯುತ್ತಿತ್ತು, ಎಡಗೈಯಲ್ಲಿ ಊಟ ಮಾಡು ಅಂದಷ್ಟು ಮುಜುಗರ. ಬಾಲದ ಕಡೆಗೆ ಒಂದು ಏಟು ಹಾಕಿದೆ. ನಟ್ಟು ಕದಲಿತು, ಟಪ್ ಎಂದಿತು. ಇನ್ನೊಂದು. ಇನ್ನೂ ಒಂದು. ಐದನೆಯದಕ್ಕೆ ಸದ್ದು ಬದಲಾಯಿತು. ಆರನೆಯದಕ್ಕೆ ಟಣ್ ಎಂದಿತು. ಅಪ್ಪ "ಇನ್ನೆರಡು" ಎಂದ. ಹೊಡೆದೆ. ಹಿಂದಿನ ಚಕ್ರವನ್ನೂ ಬಿಚ್ಚಿ, ಒರೆಸಿ, ಹಾಕಿ, ಹೊಡೆದೆ. ಆ ನಟ್ಟು ಅಷ್ಟೇನೂ ಸಡಿಲವಾಗಿರಲಿಲ್ಲ.

ಜಾಕಿ ಇಳಿಸಿದ ಮೇಲೆ ಲಾಯರು ಪಂಚೆಯ ಧೂಳು ಕೊಡವಿ ಸ್ಟೇರಿಂಗಿನ ಹಿಂದೆ ಕೂತರು. ಅಲಮೇಲಮ್ಮನವರು ಬೇರಿನ ಮೇಲಿಂದ ಏಳಲಿಲ್ಲ.

"ಬಾ ಅಮ್ಮ, ಹೊತ್ತಾಯ್ತು. ಅವರು ಕಾಯ್ತಿರ್ತಾರೆ."

"ನಿನ್ನ ಕೇಳ್ತಿಲ್ಲ." ಅವರು ನನ್ನ ಕಡೆ ನೋಡಿದರು. "ನೀನು ಹೇಳೇ. ಕೂತ್ಕೋಬೋದಾ?"

ನಾನು ಅಪ್ಪನನ್ನು ನೋಡಿದೆ. ಅಪ್ಪ ಗ್ರೀಸಿನ ಡಬ್ಬಿಯ ಮುಚ್ಚಳವನ್ನು ಬಹಳ ಶ್ರದ್ಧೆಯಿಂದ ಮುಚ್ಚುತ್ತಿದ್ದ. ಅದು ಆಗಲೇ ಮುಚ್ಚಿತ್ತು. ಬೆಳಿಗ್ಗೆ ಇದೇ ಪ್ರಶ್ನೆಗೆ ಬಾಗಿಲ ಹಿಂದೆ ನಿಂತು ಅರ್ಧ ನಿಮಿಷದಲ್ಲಿ ಉತ್ತರ ಕೊಟ್ಟವಳು ನಾನು. ಈಗ ಮೊದಲು ಬಲಗಡೆಗೆ ಹೋಗಿ ಎರಡೂ ನಟ್ಟನ್ನು ಮುಟ್ಟಿದೆ, ಎಡಗಡೆಗೆ ಬಂದು ಅವೆರಡನ್ನೂ ಮುಟ್ಟಿದೆ, ಒಂದೊಂದಕ್ಕೂ ಮೆಲ್ಲಗೆ ಬಡಿದು ಕೇಳಿದೆ. ಅಷ್ಟು ಜನ ನೋಡುತ್ತಿದ್ದರು. ಆಮೇಲೆ ಅವರ ಮುಂದೆ ಬಂದು ನಿಂತೆ.

"ಕೂತ್ಕಳಿ ಅಮ್ನೋರೆ. ಈಗ ಬಿಗಿಯಾಗವೆ. ಆದ್ರೆ ಓಡಿದ ಮೇಲೆ ಇನ್ನೊಂದ್ಸಲ ನೋಡ್ಲೇಬೇಕು. ನಾವು ಹಿಂದೇನೇ ಬರ್ತೀವಿ. ಗುಬ್ಬೀಲಿ ನಾನು ನೋಡಿದ ಮೇಲೇನೇ ನೀವು ವಾಪಸ್ ಹೊರಡ್ಬೇಕು."

"ಆಗಲಿ," ಎಂದು ಅವರು ನನ್ನ ಭುಜ ಹಿಡಿದು ಎದ್ದರು. ಅಷ್ಟು ಭಾರ ನನ್ನ ಮೇಲೆ ಬೀಳುತ್ತದೆಂದು ಅಂದುಕೊಂಡಿರಲಿಲ್ಲ.

ಗುಬ್ಬಿಯ ತನಕ ನಾನು ಆ ಎರಡು ಚಕ್ರದಿಂದ ಕಣ್ಣು ತೆಗೆಯಲಿಲ್ಲ. ಚೌಡಪ್ಪ ಹಿಂದೆ ಹಿಂದೆಯೇ ನಿಧಾನಕ್ಕೆ ಲಾರಿ ಬಿಟ್ಟ. ಕೊಬ್ಬರಿ ಮಂಡಿಯವರು ಬೈಯುತ್ತಾರೆ ಎಂದು ಒಂದು ಸಲವೂ ಅನ್ನಲಿಲ್ಲ. ಹೆಣ್ಣಿನ ಮನೆಯವರು ಬೀದಿಗೆ ಬಂದು ನಿಂತಿದ್ದರು. ಮೊದಲು ಕೆಂಪು ಕಾರು ಬಂತು, ಅದರ ಬೆನ್ನಿಗೇ ಖಾಲಿ ಲಾರಿ. ಇಷ್ಟು ದೊಡ್ಡ ಗಾಡಿಯಲ್ಲಿ ಎಷ್ಟು ಜನ ನೆಂಟರು ಇಳಿಯುತ್ತಾರೋ ಎಂದು ಅವರ ಮುಖ ಬಿಳುಪೇರಿದ್ದು ನನಗೆ ಕಾಣಿಸಿತು.

ನಾನೊಬ್ಬಳೇ ಇಳಿದೆ. ಕೈಯಲ್ಲಿ ಸುತ್ತಿಗೆ, ಮೂಗಿನ ಮೇಲೆ ಗ್ರೀಸು. ಮೂಗಿನದು ಗೊತ್ತಾದದ್ದು ಮನೆಗೆ ಬಂದ ಮೇಲೆ. ಅಪ್ಪ ಜಾಕಿ ತಂದು ಎಡಗಡೆ ಇಡಲು ಹೊರಟ.

"ಅಲ್ಲಲ್ಲ. ಮೊದ್ಲು ಬಲಗಡೆ," ಅಂದೆ.

ಪೇಟ ಸುತ್ತಿದ ಹಿರಿಯರೊಬ್ಬರು ಅಲಮೇಲಮ್ಮನವರನ್ನು ಕೇಳಿದರು, "ಈ ಮಗು ಯಾರು ತಾಯಿ?"

"ಒಳಗೆ ಹೋಗೋಣ ನಡೀರಿ, ಹೇಳ್ತೀನಿ," ಎಂದರು ಅವರು. ಆದರೆ ತಾವು ಒಳಗೆ ಹೋಗಲಿಲ್ಲ. ಬಲಗಡೆಯ ಎರಡು ನಟ್ಟುಗಳೂ ಟಣ್ ಅನ್ನುವ ತನಕ ಬಿಸಿಲಿನಲ್ಲಿ ನನ್ನ ಪಕ್ಕದಲ್ಲೇ ನಿಂತಿದ್ದರು.